ಹಗೇವಿನಲ್ಲಿ ಇಲ್ಲದ ಜೋಳ

ತಾಂಡೂರು
3 ಮಾರ್ಚ್ 2024

ತಂಗಿ ಸ್ವರೂಪಾಳಿಗೆ ಜೈಭೀಮ.

ಫೋನ್ ಇರುವಾಗ ಅಣ್ಣನಿಗೇನು ಪತ್ರದ ಚಟ ಎಂದು ನಗುತ್ತಿರಬೇಕು. ನಗು, ಆದರೆ ಓದಿ ಮುಗಿಸಿದ ಮೇಲೆ ನಗು. ಫೋನು ಸತ್ತ ದಿನ, ಕರೆಂಟು ಹೋದ ದಿನ, ರಸ್ತೆ ಬಂದ್ ಆದ ದಿನ ನಮ್ಮ ನಡುವೆ ಸುದ್ದಿ ಹೇಗೆ ಓಡಾಡಬೇಕು? ಆವಾಗ ಯೋಚಿಸಿದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಅದಕ್ಕೇ ಇನ್ನು ಮೇಲೆ ನಮ್ಮ ಕಷ್ಟಕಾಲದ ತಯಾರಿ ಬಳಗದ ವಿಷಯವೆಲ್ಲ ಕಾಗದದಲ್ಲೇ. ಇಲ್ಲಿಂದ ಜಹೀರಾಬಾದಿನ ತನಕ ಬಸ್ ಕಂಡಕ್ಟರ್ ಶಿವರಾಜ ತರುತ್ತಾನೆ. ಬಸ್‌ಸ್ಟ್ಯಾಂಡಿನಿಂದ ನಿನ್ನ ಗಂಡ ನರೇಶ ಆಟೋದಲ್ಲಿ ಊರಿಗೆ ಮುಟ್ಟಿಸಲಿ. ಕನ್ನಡದಲ್ಲೇ ಬರೆ. ನಾವಿಬ್ಬರು ಕಲಿತ ಆ ಕನ್ನಡ ಶಾಲೆ ಇಷ್ಟು ವರ್ಷಕ್ಕೆ ಒಂದು ಕೆಲಸಕ್ಕೆ ಬಂತು. ನಿನ್ನ ವೈನಿ ಕೌಶಲ್ಯಾಳನ್ನು ಬಿಟ್ಟರೆ ಬಳಗದಲ್ಲಿ ಬೇರೆ ಯಾರಿಗೂ ಇದನ್ನು ಓದಲು ಬರುವುದಿಲ್ಲ.

ಈಗ ಒಟ್ಟು ಒಂಬತ್ತು ಮನೆಗಳಾಗಿವೆ. ಸಾಮಾನು ಮೂರು ಕಡೆ ಇಡುತ್ತೇವೆ. ನಾರಾಯಣಖೇಡದಲ್ಲಿ ಲಕ್ಷ್ಮೀಕಾಂತನ ಔಷಧಿ ಅಂಗಡಿಯ ಅಟ್ಟದಲ್ಲಿ ಮಾತ್ರೆ, ಬ್ಯಾಂಡೇಜು, ನೀರು ಶುದ್ಧ ಮಾಡುವ ಗುಳಿಗೆ. ಜಹೀರಾಬಾದಿನಲ್ಲಿ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ಡೀಸೆಲ್, ಹಗ್ಗ, ತಾಡಪತ್ರಿ. ಕಾಳು ಮಾತ್ರ ನಮ್ಮೂರಲ್ಲಿ, ನಿನ್ನ ಹತ್ತಿರ. ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಒಂದೇ ಏಟಿಗೆ ಹೋಗುತ್ತದೆ. ಫ್ಯಾಕ್ಟರಿಯ ಸ್ಟೋರಿನಲ್ಲಿ ನಾನು ಕಲಿತ ಮೊದಲ ಪಾಠವೇ ಅದು.

ಮೇಲಿನ ಓಣಿಯ ಚಂದ್ರಾಬಾಯಿಯವರ ವಾಡೆಯ ಹಿಂದಿನ ಬಿದ್ದ ಜಾಗವನ್ನು ನಾನು ಕೊಂಡಾಗ ನೀವೆಲ್ಲ ಬೈದಿರಿ. ನಾನು ಕೊಂಡದ್ದು ಆ ಕಲ್ಲುಗುಡ್ಡೆಯನ್ನಲ್ಲ, ಅದರೊಳಗಿನ ಹಗೇವನ್ನು. ಕಾಳು ತುಂಬಲು ನೆಲದೊಳಗೆ ಮಡಕೆಯಂಥ ಹೊಟ್ಟೆ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ನಮ್ಮ ಬಳಗದ ಜೋಳ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ತುಂಬಿಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಮೇಲೆ ಕಸ ಹರಡಿಬಿಡು. ನಿಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ತಿಳಿಯಬಾರದು.

ನಿನ್ನ ಅಣ್ಣ,
ಸತೀಶಕುಮಾರ

ಸ್ವರೂಪಾ, ನಿಮ್ಮಣ್ಣ ಅಟ್ಟದ ಮೇಲೆ ಆರು ತಿಂಗಳಿಗೆ ಸಾಲುವಷ್ಟು ಉಪ್ಪು ಏರಿಸಿದ್ದಾರೆ. ಇದು ಮೂರು ಜನರ ಮನೆ, ಉಪ್ಪಿನಕಾಯಿ ಕಾರ್ಖಾನೆಯಲ್ಲ. — ಕೌಶಲ್ಯಾ


ಬಸಂತವಾಡಿ, ನ್ಯಾಲ್ಕಲ್ ಮಂಡಲ
21 ಮಾರ್ಚ್ 2024

ಅಣ್ಣನಿಗೆ, ವೈನಿಗೆ ಜೈಭೀಮ.

ನಿನ್ನ ಗುಪ್ತಪತ್ರ ಶಿವರಾಜನ ಚೀಲದಲ್ಲಿ ಒಂದು ವಾರ ಊರೂರು ತಿರುಗಿ ಬಂತು. ಅಂಚಿಗೆ ಚಹಾದ ಕಲೆ ಇದೆ. ಲೋಕ ಮುಳುಗುವ ದಿನ ಅವನ ಕೈಯಲ್ಲಿ ಸುದ್ದಿ ಕಳಿಸಿದರೆ, ಮುಳುಗಿದ ಮೇಲೆ ನಮಗೆ ತಿಳಿಯುತ್ತದೆ.

ಜೋಳ ತುಂಬಿಸಿದ್ದಾಯಿತು. ಆದರೆ ಮೂರನೆಯವರಿಗೆ ತಿಳಿಯಬಾರದು ಎಂದು ಬರೆದೆಯಲ್ಲ, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನೀನು. ಟ್ರ್ಯಾಕ್ಟರ್ ತುಂಬ ಚೀಲ ಊರೊಳಗೆ ಬಂದರೆ ನಾಯಿಗಳೂ ಹಿಂದೆ ಬರುತ್ತವೆ. ಯಾರಿಗೆ ಇದು ಎಂದು ಕೇಳಿದರು. ಬಾಯಿಗೆ ಬಂದದ್ದನ್ನು ಹೇಳಿದೆ, ನಿನ್ನ ಮಗಳು ನೇಹಾಳ ಮದುವೆಗೆ ಅಂತ. ಪಕ್ಕದ ಮನೆಯ ಸಾಯಮ್ಮ ಆಯಿ ಗಲ್ಲಕ್ಕೆ ಕೈ ಹಚ್ಚಿದಳು.

"ನೇಹಾಗ ಒಂಬತ್ತು ವರ್ಷ ಅಲ್ಲೇನವ್ವ? ವರ ಯಾವ ಊರಾವ, ತೊಟ್ಟಲದಾಗ ಹಾನೇನು?"

ಆಮೇಲೆ ಅವಳೇ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದಳು. "ಹಗೇವು ಗಂಡ-ಹೆಂಡ್ತಿ ತುಂಬೋದಲ್ಲ. ಒಬ್ರು ಒಳಗ ಬೇಕು, ಇಬ್ರು ಮ್ಯಾಲ ಬೇಕು, ಒಬ್ರು ದೀಪ ಹಿಡಿಯಾಕ ಬೇಕು. ಗಪ್‌ಚುಪ್ ಇಳದು ಒಳಗೇ ಮಲಕೊಂಡ್ರ ತಗಿಯೋರು ಯಾರು?" ಅವಳು ಹೇಳಿದ್ದು ನಿನಗೂ ಗೊತ್ತು. ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು. ದೀಪ ಇಳಿಸಿ, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು.

ನಮ್ಮ ಅಜ್ಜ ಅಂಜಪ್ಪನ ಕಾಲಕ್ಕೆ ದೀಪವನ್ನು ಇಳಿಸುತ್ತಿರಲಿಲ್ಲವಂತೆ, ಅಜ್ಜನನ್ನೇ ಇಳಿಸುತ್ತಿದ್ದರಂತೆ. ಅವನು ಕೆಮ್ಮದೆ ನಿಂತರೆ ಉಳಿದವರು ಇಳಿಯುತ್ತಿದ್ದರು. ಇದೇ ಹಗೇವಿಗೆ, ಅಣ್ಣ. ನಾನು ಒಳಗೆ ನಿಂತು ಬುಟ್ಟಿ ಇಸಿದುಕೊಳ್ಳುವಾಗ ಅದೇ ನೆನಪಾಗಿ ಎದೆ ಭಾರವಾಯಿತು. ಅಜ್ಜ ಇದರಿಂದ ಮೇಲೆತ್ತಿದ ಜೋಳದಲ್ಲಿ ಒಂದು ಹಿಡಿಯೂ ಅವನದಾಗಿರಲಿಲ್ಲ. ಈಗ ಇಡೀ ಹೊಟ್ಟೆ ನಮ್ಮದು. ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ.

ಸುತ್ತಲೂ ಹುಲ್ಲು ಒತ್ತಿ, ಬೇವಿನ ಸೊಪ್ಪು ಹಾಕಿ, ಬಾಯಿ ಮುಚ್ಚಿದ್ದೇವೆ.

ನಿನ್ನ
ಸ್ವರೂಪಾ


ನಾರಾಯಣಖೇಡ
16 ಜೂನ್ 2024

ತಂಗಿ ಸ್ವರೂಪಾಳಿಗೆ,

ಲಕ್ಷ್ಮೀಕಾಂತನ ಅಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಾತ್ರೆಗಳ ತಾರೀಖು ನೋಡಿ ಹಳೆಯವನ್ನು ತೆಗೆದು ಹೊಸದು ಇಡಲು ಬಂದಿದ್ದೆ. ಹಗೇವು ತುಂಬಲು ಸಾಯಮ್ಮ ಆಯಿಯನ್ನು ಸೇರಿಸಿಕೊಂಡದ್ದನ್ನು ಇವನಿಗೆ ಹೇಳಿದೆ. ಮುಖ ಗಂಟು ಹಾಕಿಕೊಂಡ. ಆಯಿಗೆ ತಿಳಿದದ್ದು ಓಣಿಗೆ ತಿಳಿಯಿತು, ಓಣಿಗೆ ತಿಳಿದದ್ದು ಮೇಲಿನ ಓಣಿಗೆ ತಿಳಿಯಲು ಬೀಡಿ ಸೇದುವಷ್ಟು ಹೊತ್ತು ಸಾಕು.

ಇವನ ಪ್ರಶ್ನೆ ಸರಿಯಾಗಿದೆ. "ಕಷ್ಟ ಬಂದ ದಿನ ಊರೆಲ್ಲ ಬಂದು ನಿಂತರ ಯಾರಿಗಂತ ಕೊಡ್ತೀರಿ? ಒಂಬತ್ತು ಮನಿಗಿ ಆರು ತಿಂಗಳು ಆಗೋದು ಊರಿಗೆ ಹದಿನೈದು ದಿನಕ್ಕ ಖತಂ." ಅದಕ್ಕೇ ನಿಯಮ ಮಾಡಿದ್ದೇವೆ. ಬಳಗದವರಿಗೆ ಬಿಟ್ಟು ಬೇರೆಯವರಿಗೆ ಬಾಗಿಲು ಇಲ್ಲ.

ನಾನು ಕಲ್ಲೆದೆಯವನು ಅಂದುಕೊಳ್ಳಬೇಡ. ಲಾಕ್‌ಡೌನಿನ ಆ ಏಪ್ರಿಲಿನ ಮಾತು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೌಶಲ್ಯಾಳಿಗೆ ಜ್ವರ ಬಂತು. ಅದು ಟೈಫಾಯಿಡ್ ಎಂದು ಆಮೇಲೆ ಗೊತ್ತಾಯಿತು, ಆದರೆ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಕೊರೊನಾ ಎಂದು ಸುದ್ದಿ ಹರಡಲು ಡಾಕ್ಟರ ಚೀಟಿ ಬೇಕಾಗಿರಲಿಲ್ಲ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ದೇವಿದಾಸರದು. ಹಬ್ಬಕ್ಕೆ ಹೋಳಿಗೆ ಆ ಗೋಡೆಯ ಮೇಲಿಂದಲೇ ದಾಟುತ್ತಿತ್ತು. ಮನೆಯಲ್ಲಿ ಎಲ್ಲ ಮುಗಿಯುತ್ತ ಬಂದು ಕೊನೆಗೆ ಉಪ್ಪೂ ಮುಗಿಯಿತು. ಗಂಜಿಗೆ ಒಂದು ಚಿಟಿಕೆ ಉಪ್ಪು ಕೇಳಲು ಅವರ ಬಾಗಿಲು ಬಡಿದೆ. ಒಳಗೆ ಟಿವಿ ಓಡುತ್ತಿತ್ತು. ಬಡಿದ ಮೇಲೆ ಟಿವಿಯ ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ಬಡಿದೆ, ಹೆಸರು ಹಿಡಿದು ಕೂಗಿದೆ. ಅವರು ಉಸಿರು ಬಿಗಿಹಿಡಿದು ನಿಂತದ್ದು ನನಗೆ ಕೇಳುತ್ತಿತ್ತು.

ನೇಹಾ ಸಪ್ಪೆ ಗಂಜಿ ಉಗುಳಿ ಅತ್ತಳು. ಅವಳಿಗೆ ಆಗ ಐದು ವರ್ಷ. ದೇವಿದಾಸರು ಈಗ ದಿನಾ ನಮಸ್ಕಾರ ಮಾಡುತ್ತಾರೆ, ನಾನೂ ಮಾಡುತ್ತೇನೆ. ಆದರೆ ಜನ ಎಂದರೆ ಏನು ಎಂದು ನನಗೆ ಆವತ್ತೇ ತಿಳಿಯಿತು. ಸಂಕಟ ಬಂದಾಗ ಬಾಗಿಲುಗಳು ಮುಚ್ಚುತ್ತವೆ, ಸ್ವರೂಪಾ. ಅದನ್ನು ಲೆಕ್ಕಕ್ಕೆ ಹಿಡಿದೇ ಬದುಕಬೇಕು.

ನಿನ್ನ ಅಣ್ಣ,
ಸತೀಶಕುಮಾರ


ಬಸಂತವಾಡಿ
4 ಆಗಸ್ಟ್ 2024

ಅಣ್ಣನಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆ ಉಪ್ಪಿನ ಮಾತು ಓದಿ ಒಲೆ ಮುಂದೆ ಕುಳಿತು ಅತ್ತೆ. ನನಗೆ ಯಾಕೆ ಹೇಳಲಿಲ್ಲ ಎಂದು ಸಿಟ್ಟೂ ಬಂತು. ವೈನಿಯ ಉಪ್ಪಿನಕಾಯಿ ಕಾರ್ಖಾನೆಗೆ ನಕ್ಕಿದ್ದೆ, ಈಗ ನಗು ಬರುವುದಿಲ್ಲ.

ಇಲ್ಲಿ ಎಲ್ಲರಿಗೂ ಕೈ ಬಿಗಿ ಇರುವ ದಿನಗಳು. ಮಳೆ ಒಮ್ಮೆ ಬಂದು ಮುಖ ತೋರಿಸಿ ಹೋಗಿ, ಬಿತ್ತಿದ್ದು ಸುಟ್ಟು, ಮತ್ತೆ ಬಿತ್ತಿದ್ದಾರೆ. ರೇಷನ್ ಅಕ್ಕಿ ಇದೆ ನಿಜ, ಆದರೆ ಅನ್ನ ಉಂಡು ಕಳೆ ತೆಗೆಯಲು ಹೋದವರಿಗೆ ಮಧ್ಯಾಹ್ನದೊಳಗೆ ಕೈಕಾಲು ಬೀಳುತ್ತವೆ. ರೊಟ್ಟಿ ಬೇಕು.

ಮೊನ್ನೆ ಒಂದು ವಿಚಿತ್ರ ನಡೆಯಿತು. ಚಂದ್ರಾಬಾಯಿಯವರು ನಮ್ಮ ಓಣಿಗೆ ಬಂದರು. ನಾನು ಹುಟ್ಟಿದಾಗಿನಿಂದ ಅವರು ನಮ್ಮ ಓಣಿಯ ಬಾಯಿ ದಾಟಿದ್ದು ನೋಡಿಲ್ಲ. ಅಂಗಳದಲ್ಲಿ ನಿಂತರು. ಕುರ್ಚಿ ಹಾಕಿದೆ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಆಮೇಲೆ ಕುಳಿತರು.

"ಹೊಲ ಪೂರಾ ಕಬ್ಬು ಹಾಕ್ಯಾರವ್ವ ನನ್ನ ಮಕ್ಕಳು. ಮನ್ಯಾಗ ಜೋಳಂದು ಕಾಳಿಲ್ಲ. ನನಗ ಸಕ್ಕರಿ ಬ್ಯಾನಿ, ಡಾಕ್ಟರು ರೊಟ್ಟಿ ತಿನ್ನು ಅಂತಾನ, ಆತ್ಮಾರಾಮ ಅಕ್ಕಿ ಅದಲ್ಲ ತಿನ್ನು ಅಂತಾನ. ಮಗನ ಮುಂದ ಜೋಳಕ್ಕಂತ ಕೈ ಚಾಚಾಕ ನನಗ ಆಗಂಗಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಅಂದರು, "ನಿಮ್ಮ ಹತ್ರ ಅದ ಅಂತ ಕೇಳೀನಿ."

ಕಬ್ಬು ಬೆಳೆದವರ ಮನೆಗೆ ಸಕ್ಕರೆ ಬೇನೆ, ಜೋಳಕ್ಕೆ ಬರ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ನಾನು ಏನು ಹೇಳಿದೆ ಎಂಬುದನ್ನು ಇನ್ನೊಮ್ಮೆ ಬರೆಯುತ್ತೇನೆ. ನರೇಶ ಆಟೋ ಹಾರ್ನ್ ಹೊಡೆಯುತ್ತಿದ್ದಾನೆ. ಬಳಗದ ಜೋಳ ಕ್ಷೇಮವಾಗಿದೆ. ಒಂದು ಕಾಳೂ ಹಾಳಾಗಿಲ್ಲ, ಅದನ್ನು ನಂಬು.

ನಿನ್ನ
ಸ್ವರೂಪಾ


ತಾಂಡೂರು
9 ಡಿಸೆಂಬರ್ 2024

ಸ್ವರೂಪಾ,

ನಿನ್ನೆ ನಾನೂ ಲಕ್ಷ್ಮೀಕಾಂತನೂ ಹೇಳದೆ ಕೇಳದೆ ತಪಾಸಣೆಗೆ ಬಂದೆವು. ಬಂದಾಗ ನಿನ್ನ ಮುಖ ನೋಡಿಯೇ ಗೊತ್ತಾಗಬೇಕಿತ್ತು. ಕಲ್ಲು ಸರಿಸಿ, ದೀಪ ಇಳಿಸಿ, ನಾನು ಇಳಿದೆ. ಕಾಲಿಗೆ ಜೋಳ ತಾಕಲಿಲ್ಲ. ಕೆಳಗೆ ಕೆಳಗೆ ಹೋದೆ. ತಳದಲ್ಲಿ ಮೊಳಕಾಲುದ್ದ ಇತ್ತು, ಉಳಿದದ್ದೆಲ್ಲ ಬರೀ ಗೋಡೆ. ಮೇಲಿನಿಂದ ಲಕ್ಷ್ಮೀಕಾಂತ "ಎಷ್ಟದ? ಎಷ್ಟದ?" ಎಂದು ಕೂಗುತ್ತಿದ್ದ.

ಊರಿಗೆ ಹಂಚಿದ್ದೇನೆ, ಬರುತ್ತದೆ ಎಂದು ನೀನು ಅಂಗಳದಲ್ಲಿ ನಿಂತು ತಣ್ಣಗೆ ಹೇಳಿದೆ. ರೊಟ್ಟಿ ತಿಂದು ಹೋಗು ಅಂದೆ. ಯಾವ ಜೋಳದ ರೊಟ್ಟಿ? ಒಂಬತ್ತು ಮನೆಯವರು ನನ್ನನ್ನು ನಂಬಿ ತಂದಿಟ್ಟ ಜೋಳ ಅದು. ಆಗಸ್ಟಿನಲ್ಲಿ ಕ್ಷೇಮವಾಗಿದೆ ಎಂದು ಬರೆದೆಯಲ್ಲ, ಆಗಲೇ ಖಾಲಿಯಾಗಿತ್ತಲ್ಲವೆ?

ನಾಳೆ ಜಹೀರಾಬಾದಿನಲ್ಲಿ ಬಳಗ ಕೂಡುತ್ತದೆ. ನಿನ್ನ ಹೆಸರು ತೆಗೆಯಬೇಕು ಅನ್ನುತ್ತಾರೆ. ನಾನು ಬೇಡ ಅನ್ನುವ ಬಾಯಿ ಉಳಿಸಿಕೊಂಡಿಲ್ಲ. ಬೇರೆಯವರು ಬಾಗಿಲು ಮುಚ್ಚಿದರು, ಸಹಿಸಿದೆ. ನೀನು ನನ್ನ ಬಾಗಿಲನ್ನೇ ಕಿತ್ತು ಕೊಟ್ಟೆ.

ಸತೀಶಕುಮಾರ


ಬಸಂತವಾಡಿ
15 ಡಿಸೆಂಬರ್ 2024

ಅಣ್ಣನಿಗೆ,

ಹೌದು, ಆಗಸ್ಟಿನಲ್ಲಿ ನಿನ್ನಿಂದ ಮುಚ್ಚಿಟ್ಟೆ. ಹೇಳಿದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಕೇಳುತ್ತಿರಲಿಲ್ಲ. ಜಗಳ ಆಗಲೇ ಆಗುವುದು ಈಗ ಆಯಿತು, ಅಷ್ಟೇ.

ನೀನು ಸ್ಟೋರಿನ ಲೆಕ್ಕ ಬಲ್ಲವನು. ಮಾತ್ರೆಯ ತಾರೀಖು ನೋಡುತ್ತೀ. ಜೋಳಕ್ಕೂ ತಾರೀಖು ಇಲ್ಲವೆ? ವರ್ಷ ಮೇಲಾದರೆ ಮುಗ್ಗು ವಾಸನೆ, ಆಮೇಲೆ ಹುಳ. ನಮ್ಮ ಹೆಂಗಸರ ಸಂಘದಲ್ಲಿ ಮೊದಲಿನಿಂದ ಇರುವ ರೀತಿ ಇದು: ಒಂದು ಬುಟ್ಟಿ ಒಯ್ದವರು ಸುಗ್ಗಿಯ ಮೇಲೆ ಒಂದೂವರೆ ತರಬೇಕು. ಬರೆದಿಡುವುದಿಲ್ಲ. ಇಬ್ಬರ ಮುಂದೆ ಬಾಯಿಬಿಟ್ಟು ಹೇಳಿ ಒಯ್ಯಬೇಕು. ತರುವಾಗ ಒಯ್ದವರೇ ತಲೆಯ ಮೇಲೆ ಹೊತ್ತು ತಂದು ಕೊಟ್ಟವರ ಹೊಸ್ತಿಲಿಗೆ ಇಳಿಸಬೇಕು. ಆಳಿನ ಕೈಯಲ್ಲಿ, ಆಟೋದಲ್ಲಿ ಕಳಿಸುವಂತಿಲ್ಲ. ಸಾಯಮ್ಮ ಆಯಿ ಅನ್ನುತ್ತಾಳೆ, "ಕೊಟ್ಟು ತಗೊಂಡ್ರ ಮನಿ ದಾರಿ ಮರಿಯಂಗಿಲ್ಲ." ಹಗೇವು ಖಾಲಿಯಾಗಿಲ್ಲ, ಅಣ್ಣ. ಬೇರೆ ಬೇರೆ ಮನೆಗಳಲ್ಲಿದೆ. ಮಾರ್ಚಿನ ತನಕ ತಡೆ.

ಚಂದ್ರಾಬಾಯಿಯವರಿಗೂ ಕೊಟ್ಟೆ, ಎಲ್ಲರಿಗಿಂತ ಹೆಚ್ಚು ಕೊಟ್ಟೆ. ಅಜ್ಜ ಇಳಿದ ಹಗೇವಿನ ಜೋಳವನ್ನು ಆ ಮನೆಯವರು ಅಜ್ಜನ ಮೊಮ್ಮಗಳ ಕೈಯಿಂದ ಬುಟ್ಟಿಯೊಡ್ಡಿ ಇಸಿದುಕೊಂಡರು. ಆ ಹೊತ್ತಿಗೆ ನಾನು ಇನ್ನೆರಡು ಬೊಗಸೆ ಹೆಚ್ಚು ಸುರಿದದ್ದು ದಾನದ ಗರ್ವಕ್ಕೋ ಬೇರೆ ಯಾವುದಕ್ಕೋ ನನಗೇ ತಿಳಿಯದು.

ರೊಟ್ಟಿ ತಿನ್ನದೆ ಹೋದದ್ದು ಮಾತ್ರ ನಾನು ಮರೆಯುವುದಿಲ್ಲ.

ಸ್ವರೂಪಾ


ಬಸಂತವಾಡಿ
30 ಮಾರ್ಚ್ 2025

ಅಣ್ಣನಿಗೆ,

ಮೂರು ತಿಂಗಳು ನೀನು ಬರೆಯಲಿಲ್ಲ. ಶಿವರಾಜನ ಚೀಲ ಈ ಸಲ ನಿರಪರಾಧಿ, ನಾನು ಕೇಳಿ ನೋಡಿದೆ.

ಜೋಳ ಬಂತು. ಯುಗಾದಿಗೆ ಮುಂಚಿನ ಒಂದು ವಾರ ನಮ್ಮ ಹೊಸ್ತಿಲು ಖಾಲಿ ಇರಲಿಲ್ಲ. ಒಬ್ಬೊಬ್ಬರೇ ಬಿಸಿಲಲ್ಲಿ ಬುಟ್ಟಿ ಹೊತ್ತು ಬಂದು, ಇಳಿಸಿ, ನೀರು ಕುಡಿದು ಹೋದರು. ಕೊಟ್ಟಿದ್ದಕ್ಕಿಂತ ಹೆಚ್ಚೇ ಇದೆ. ಹೊಸ ಜೋಳದ ವಾಸನೆ ಮನೆಯೆಲ್ಲ ತುಂಬಿದೆ.

ಚಂದ್ರಾಬಾಯಿಯವರದು ಬಂದಿಲ್ಲ. ಅದನ್ನೂ ಬರೆಯುತ್ತೇನೆ, ಯಾಕೆಂದರೆ ಇನ್ನು ಮುಚ್ಚಿಡುವುದಿಲ್ಲ. ದಾರಿಯಲ್ಲಿ ಕಂಡರೆ ಅವರು ಮುಖ ತಿರುಗಿಸುತ್ತಾರೆ. ನನಗೆ ಅದು ಜೋಳ ಹೋದದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ.

ಸ್ವರೂಪಾ


ತಾಂಡೂರು
11 ಏಪ್ರಿಲ್ 2025

ಸ್ವರೂಪಾ,

ಬಂದದ್ದು ಒಳ್ಳೆಯದಾಯಿತು. ಬಳಗಕ್ಕೆ ತಿಳಿಸಿದೆ. ನಿನ್ನ ಹೆಸರು ಉಳಿಯಿತು.

ಆದರೆ ಎಲ್ಲರಿಗಿಂತ ಹೆಚ್ಚು ಒಯ್ದವರೇ ತಂದಿಲ್ಲ, ನೋಡು. ಯಾರ ಮನೆಯ ಬಾಗಿಲು ದೊಡ್ಡದೋ ಅದೇ ಮೊದಲು ಮುಚ್ಚುತ್ತದೆ. ಈ ವರ್ಷ ಒಂದು ಕಾಳೂ ಹೊರಗೆ ಹೋಗಬಾರದು. ಪೂರಾ ಹಗೇವಿಗೆ ಹಾಕಿ ಮುಚ್ಚು.

ಸತೀಶಕುಮಾರ

ಸ್ವರೂಪಾ, ಪೂರಾ ಬೇಡ ಅಂದರೆ ಅರ್ಧಕ್ಕಾದರೂ ಅವರ ಮಾತು ನಡೆಸು. ಇಲ್ಲದಿದ್ದರೆ ಇವರು ಅಲ್ಲಿಗೆ ಬಂದು ಹಗೇವಿನ ಮೇಲೇ ಹಾಸಿಗೆ ಹಾಸುತ್ತಾರೆ. — ಕೌಶಲ್ಯಾ


ತಾಂಡೂರು
20 ಜುಲೈ 2025

ಸ್ವರೂಪಾಳಿಗೆ ಕೌಶಲ್ಯಾಳ ಜೈಭೀಮ.

ನಿಮ್ಮಣ್ಣನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅರ್ಧ ಹಗೇವಿಗೆ ಹಾಕಿ ಅರ್ಧ ಹಂಚಿದೆಯಂತೆ, ಒಳ್ಳೆಯದು ಮಾಡಿದೆ. ಇವರಿಗೆ ಪೂರಾ ಮುಚ್ಚಿದೆ ಎಂದೇ ತಿಳಿದಿದೆ, ಇರಲಿ.

ಇವರು ಕುಂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಮೋಡ ಕಂಡರೆ ಅಟ್ಟ ಹತ್ತುತ್ತಾರೆ. ಆಕಾಶ ತಿಳಿಯಾಗಿದ್ದರೆ, ಇಷ್ಟು ತಿಳಿ ಯಾಕೆ ಎಂದು ಯೋಚಿಸುತ್ತಾರೆ. ಹೋದ ಭಾನುವಾರ ಕಸರತ್ತು ಇತ್ತು. ಸೀಟಿ ಊದಿದ ಕೂಡಲೇ ಮೂವರೂ ಚೀಲ ಹೊತ್ತು ಬಾಗಿಲಿಗೆ ಬರಬೇಕು. ನೇಹಾ ಚೀಲ ಹೊತ್ತು ಬಂದಳು, ಆಮೇಲೆ ಕೇಳಿದಳು.

"ಪಪ್ಪಾ, ದೇವಿದಾಸ ಅಂಕಲ್ ಮಗಳನ್ನೂ ಕರ್ಕೊಂಡು ಹೋಗೋಣೇನು? ಅವರ ಮನ್ಯಾಗ ಚೀಲ ತಯಾರಿಲ್ಲ."

ಇವರು "ಆಕಿ ಬಳಗದಾಗ ಇಲ್ಲ" ಅಂದರು. ಹುಡುಗಿ ಚೀಲ ಇಳಿಸಿ, "ಹಂಗಾರ ನಾನೂ ಬರಂಗಿಲ್ಲ" ಅಂತ ಒಳಗೆ ಹೋದಳು. ಅವತ್ತಿನಿಂದ ಅಪ್ಪ ಮಗಳ ಮಾತು ಕಡಿಮೆಯಾಗಿದೆ. ಆ ಉಪ್ಪಿನ ದಿನ ಸಪ್ಪೆ ಗಂಜಿ ಉಗುಳಿದವಳು ಇವಳೇ. ಅವಳಿಗೆ ಅದು ನೆನಪೇ ಇಲ್ಲ. ಇವರಿಗೆ ಮರೆಯಲು ಆಗುತ್ತಿಲ್ಲ. ನಾನು ಇಬ್ಬರ ನಡುವೆ ನಿಂತಿದ್ದೇನೆ.

ನಿನ್ನ ವೈನಿ,
ಕೌಶಲ್ಯಾ


ತಾಂಡೂರು
29 ಆಗಸ್ಟ್ 2025

ಸ್ವರೂಪಾ,

ಎರಡು ದಿನದಿಂದ ನಿನ್ನ ಫೋನ್ ಇಲ್ಲ, ನರೇಶನದೂ ಇಲ್ಲ. ಹಳ್ಳ ಊರಿಗೆ ನುಗ್ಗಿದೆ ಅನ್ನುತ್ತಾರೆ. ಶಿವರಾಜನ ಬಸ್ಸು ಅರ್ಧ ದಾರಿಯಿಂದ ಹಿಂದಕ್ಕೆ ಬಂತು. ಲಕ್ಷ್ಮೀಕಾಂತ ಹೈದರಾಬಾದಿಗೆ ಮದುವೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದಾನೆ, ಔಷಧಿ ಅಂಗಡಿಯ ಚಾವಿ ಅವನ ಜೇಬಿನಲ್ಲಿದೆ. ಇಷ್ಟು ವರ್ಷ ಮಾಡಿದ ತಯಾರಿಯಲ್ಲಿ ಒಂದನ್ನೂ ನಿನ್ನ ತನಕ ಮುಟ್ಟಿಸಲು ಆಗುತ್ತಿಲ್ಲ.

ಹಗೇವು ತೆರೆ. ಯಾರಿಗೆ ಬೇಕಾದರೂ ಕೊಡು, ನೀನು ಮಾತ್ರ ಜೀವಂತ ಇರು. ಈ ಕಾಗದ ಯಾವಾಗ ತಲುಪುತ್ತದೋ ಗೊತ್ತಿಲ್ಲ. ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ.

ಅಣ್ಣ


ಬಸಂತವಾಡಿ
4 ಸೆಪ್ಟೆಂಬರ್ 2025

ಅಣ್ಣನಿಗೆ, ವೈನಿಗೆ, ನೇಹಾಗೆ,

ನಿನ್ನೆ ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಕಟ್ಟಾಯಿತು. ಎಲ್ಲರೂ ಬದುಕಿದ್ದೇವೆ. ಮೂರು ಮನೆಗಳ ಗೋಡೆ ಬಿದ್ದಿವೆ, ನಮ್ಮದು ನಿಂತಿದೆ.

ಹಳ್ಳ ಮೊದಲು ನಮ್ಮ ಓಣಿಗೇ ಬಂತು. ನಾವು ಯಾವಾಗಲೂ ತಗ್ಗಿನವರಲ್ಲವೆ? ನೀರು ಮೊಳಕಾಲಿಗೆ ಬಂದಾಗ ಎಲ್ಲರೂ ಮೇಲಕ್ಕೆ ಹೊರಟೆವು. ಸಾಯಮ್ಮ ಆಯಿಗೆ ಜ್ವರ. ಹೊರಸಿನ ಮೇಲೆ ಮಲಗಿಸಿ ನರೇಶನೂ ಇನ್ನು ಮೂವರೂ ಹೊತ್ತರು. ಹೆಂಗಸರು ಮನೆ ಬಿಡುವಾಗ ತಲೆಯ ಮೇಲೆ ಏನು ಹೊತ್ತರು ಗೊತ್ತೇ? ಜೋಳದ ಡಬ್ಬಿಗಳನ್ನು. ನಾನು ಜುಲೈನಲ್ಲಿ ಕೊಟ್ಟ ಜೋಳ. ಹೌದು, ಈ ಸಲವೂ ಅರ್ಧ ಕೊಟ್ಟಿದ್ದೆ, ವೈನಿಗೆ ಬೈಯಬೇಡ.

ಇನ್ನರ್ಧ ನಿನ್ನ ಮಾತಿನಂತೆ ಹಗೇವಿನಲ್ಲಿತ್ತು. ಹೊಸ ಸಿಮೆಂಟ್ ರಸ್ತೆ ಎತ್ತರವಾದ ಮೇಲೆ ಮಳೆ ನೀರೆಲ್ಲ ಆ ಜಾಗದಲ್ಲೇ ನಿಲ್ಲುತ್ತದೆ. ಅದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮಳೆ ನಿಂತ ಮೇಲೆ ಕಲ್ಲು ಸರಿಸಿದರೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಅಷ್ಟೂ ಹೋಯಿತು. ನನಗೂ ಹೊಟ್ಟೆ ಉರಿಯುತ್ತದೆ.

ಎತ್ತರದಲ್ಲಿ ಸೋರದ ಮನೆ ಒಂದೇ, ಚಂದ್ರಾಬಾಯಿಯವರ ವಾಡೆ. ಬಾಗಿಲು ಹಾಕಿತ್ತು. ಅದರ ಮುಂದೆ ಮಳೆಯಲ್ಲಿ ನಿಂತಾಗ ನನಗೆ ನೀನು ಬರೆದ ದೇವಿದಾಸರ ಟಿವಿಯ ಸದ್ದು ನೆನಪಾಯಿತು. ಬಡಿಯಲು ಕೈ ಬರಲಿಲ್ಲ. ನರೇಶ ಬಡಿದ.

ಆತ್ಮಾರಾಮ ತೆರೆದ. ನಮ್ಮನ್ನೂ ಹೊರಸನ್ನೂ ನೋಡಿದ. "ಪಡಸಾಲ್ಯಾಗ ಕೂಡ್ರಿ" ಅಂದ. ಕೂತೆವು. ಅಡ್ಡ ಮಳೆ ಪಡಸಾಲೆಯನ್ನೇ ತೊಳೆಯುತ್ತಿತ್ತು. ಆಯಿ ನಡುಗತೊಡಗಿದಳು. ಆಗ ಚಂದ್ರಾಬಾಯಿಯವರು ಒಳಗಿನಿಂದ ಬಂದರು, ತಲೆಯ ಮೇಲೆ ಬುಟ್ಟಿ. ಆ ವಯಸ್ಸಿನಲ್ಲಿ, ಆ ಕಾಲು ನೋವಿನಲ್ಲಿ, ಅಡುಗೆಮನೆಯಿಂದ ಹೊಸ್ತಿಲ ತನಕ ಹೊತ್ತು ಬಂದು, ನಮ್ಮ ಮುಂದೆ ಇಳಿಸಿದರು.

"ನನ್ನ ತವರಿನಿಂದ, ಝರಾಸಂಗಮದಿಂದ, ತರಿಸಿಟ್ಟು ಐದು ತಿಂಗಳಾತು. ಬುಟ್ಟಿ ಹೊತ್ತು ನಿಮ್ಮ ಓಣಿಗಿ ಹೋಗಾಕ ನನ್ನ ಮಕ್ಕಳು ಬಿಡಲಿಲ್ಲ. ಆಳಿನ ಕೈಲಿ ಕಳಿಸಾಕ ನನ್ನ ಮನಸ್ಸು ಒಪ್ಪಲಿಲ್ಲ. ಈಗ ನೀವೇ ಬಂದೀರಿ." ಆಮೇಲೆ ಆಯಿಯ ಕಡೆ ತಿರುಗಿದರು. "ಸಾಯಮ್ಮ, ಒಳಗ ಬಾ."

ಆಯಿ ಹೊರಸಿನ ಮೇಲಿಂದಲೇ ಅಂದಳು, "ಈ ಅಂಗಳ ನಲವತ್ತು ವರ್ಷ ಕಸಾ ಹೊಡದೀನಿ ಬಾಯಿ, ಒಳಗ ಹ್ಯಾಂಗದ ಅಂತ ನೋಡಿಲ್ಲ."

"ಬಂದು ನೋಡು."

ಎಲ್ಲ ಸರಿಹೋಯಿತು ಎಂದು ಬರೆಯುವುದಿಲ್ಲ. ಆತ್ಮಾರಾಮ ದನದ ಕೊಟ್ಟಿಗೆಗೆ ಹೋಗಿ ಕುಳಿತ. ನಾವು ಆ ವಾಡೆಯ ಒಲೆಯ ಮೇಲೆ ರೊಟ್ಟಿ ಬಡಿದೆವು, ಅವನು ಬಂದು ನಮಗೆ ಬೆನ್ನು ಹಾಕಿ ಕುಳಿತು ತಿಂದ. ಆದರೂ ತಿಂದ. ನಾಲ್ಕು ದಿನ ನಮ್ಮ ಓಣಿ, ಅವರ ಮನೆ, ಎಲ್ಲರೂ ಆ ಡಬ್ಬಿಗಳ ಜೋಳವನ್ನೂ ಆ ಬುಟ್ಟಿಯ ಜೋಳವನ್ನೂ ಉಂಡೆವು.

ನಿನ್ನ
ಸ್ವರೂಪಾ


ತಾಂಡೂರು
14 ಸೆಪ್ಟೆಂಬರ್ 2025

ತಂಗಿ ಸ್ವರೂಪಾಳಿಗೆ,

ಜೈಭೀಮ. ನಿನ್ನ ಪತ್ರವನ್ನು ನೇಹಾಳಿಗೆ ಓದಿ ಹೇಳಿದೆ. ಸಾಯಮ್ಮ ಆಯಿ ಒಳಗೆ ಹೋದದ್ದನ್ನು ಮೂರು ಸಲ ಓದಿಸಿದಳು.

ಹಗೇವಿನಲ್ಲಿದ್ದ ಅರ್ಧ ಜೋಳ ಹೋದದ್ದನ್ನು ಬಳಗಕ್ಕೆ ಹೇಳಿದ್ದೇನೆ. ಮುಚ್ಚಿಸಿದವನು ನಾನು, ನೀನಲ್ಲ ಎಂದೂ ಹೇಳಿದೆ. ಲಕ್ಷ್ಮೀಕಾಂತ ಈಗ ಅಂಗಡಿಯ ಎರಡನೆಯ ಚಾವಿಯನ್ನು ಪಕ್ಕದ ಮನೆಯಲ್ಲಿ ಇಟ್ಟಿದ್ದಾನೆ. ನನ್ನ ಅಟ್ಟ ಖಾಲಿ ಮಾಡಿಲ್ಲ, ಮಾಡುವುದೂ ಇಲ್ಲ. ಮೋಡ ಕಂಡರೆ ಈಗಲೂ ಹತ್ತುತ್ತೇನೆ. ಅಷ್ಟು ಬೇಗ ಬದಲಾಗುವ ಮನುಷ್ಯ ನಾನಲ್ಲ ಎಂದು ನಿನಗೂ ಗೊತ್ತು.

ಇವತ್ತು ಬೆಳಿಗ್ಗೆ ಕೌಶಲ್ಯಾ ಸಾರಿಗೆ ಉಪ್ಪು ಹಾಕುವಾಗ, ತಡಿ ಅಂದೆ. ಹೊರಗೆ ಹೋಗಿ ದೇವಿದಾಸರ ಬಾಗಿಲು ಬಡಿದೆ. ಒಳಗೆ ಟಿವಿ ಓಡುತ್ತಿತ್ತು. ಬಡಿದ ಮೇಲೆ ಸದ್ದು ನಿಂತಿತು. ಸ್ವರೂಪಾ, ಆಗ ನಾನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಓಡಿಬಿಡುವಷ್ಟು ಹೆದರಿಕೆಯಾಯಿತು.

ದೇವಿದಾಸರ ಹೆಂಡತಿ ತೆರೆದರು. "ಒಂದು ಬಟ್ಟಲು ಉಪ್ಪು ಬೇಕಾಗಿತ್ತರಿ" ಅಂದೆ. ಅವರು ನನ್ನ ಮುಖ ನೋಡಿದರು. ಅವರಿಗೂ ಆ ದಿನ ನೆನಪಿದೆ, ಕಣ್ಣಿನಲ್ಲೇ ಗೊತ್ತಾಯಿತು. ತಿರುಗಿ ಒಳಗೆ ಹೋದರು. ಹಿಂದೆ ದೇವಿದಾಸರು ಎದ್ದು ನಿಂತಿದ್ದರು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದಲ್ಲ, ಬಟ್ಟಲು ತುಂಬಿ ತಂದು ಹೊಸ್ತಿಲ ಮೇಲೆ ಇಟ್ಟರು. ಬಗ್ಗಿ ಎತ್ತಿಕೊಂಡೆ.

ಅಟ್ಟದ ಮೇಲೆ ಆರು ತಿಂಗಳ ಉಪ್ಪು ಇಟ್ಟುಕೊಂಡು ಕೇಳಲು ಹೋದಿರಾ ಎಂದು ಕೌಶಲ್ಯಾ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇವತ್ತಿನ ಸಾರಿಗೆ ಅದೇ ಉಪ್ಪು.

ಬಟ್ಟಲು ಅವರದೇ. ನಾಳೆ ಒಂದೂವರೆ ಬಟ್ಟಲು ಉಪ್ಪು ತೆಗೆದುಕೊಂಡು ಮತ್ತೆ ಆ ಬಾಗಿಲಿಗೆ ಹೋಗಬೇಕು. ನೇಹಾ ನಾನೇ ಹೊರುತ್ತೇನೆ ಅನ್ನುತ್ತಿದ್ದಾಳೆ. ಒಯ್ದವರೇ ಹೊರಬೇಕು ಎಂದು ಅವಳಿಗೆ ಹೇಳಿದ್ದೇನೆ.

ನಿನ್ನ ಅಣ್ಣ,
ಸತೀಶಕುಮಾರ